ಹೆಸರಿನೊಳಗೊಂದು ಕಥೆ

ಹುಬ್ಬಳ್ಳಿಯಲ್ಲಿ ವಿಡಿಯೋ ಗೇಮ್ ಆಡುವ ಹುಡುಗರನ್ನು 'ಶಿವ ಯಾರು?' ಎಂದು ಕೇಳಿ ನೋಡಿ. ಜಪಾನಿನ 'ಫೈನಲ್ ಫ್ಯಾಂಟಸಿ' ಆಟಗಳಲ್ಲಿ 1990ರಿಂದ ಅದು ಹಿಮ ಸುರಿಸುವ ಹೆಣ್ಣಿನ ಹೆಸರು! ಹೆಸರು ಮಾತ್ರ ಹೋಯಿತು, ಅರ್ಥ ಇಲ್ಲೇ ಉಳಿಯಿತು.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 'ಹಯವದನ' (1971) ನಾಟಕದಲ್ಲಿ ಹೆಸರುಗಳನ್ನು ಅಳೆದು ತೂಗಿ ಇಟ್ಟರು. ಹಯವದನನೆಂದರೆ ಕುದುರೆಮುಖದವನು. ಬುದ್ಧಿವಂತ ದೇವದತ್ತನ ತಂದೆ ವಿದ್ಯಾಸಾಗರ. ಕಟ್ಟುಮಸ್ತಾದ ಕಪಿಲನ ತಂದೆ ಕಮ್ಮಾರ ಲೋಹಿತ. ಲೋಹಿತವೆಂದರೆ ಕೆಂಪು, ಕಾದ ಕಬ್ಬಿಣದ ಬಣ್ಣ. ತಲೆಗೂ ಮೈಗೂ ನಡೆಯುವ ಜಗಳ ಹೆಸರಿನಲ್ಲೇ ಶುರುವಾಗಿರುತ್ತದೆ.

ಸಂಸ್ಕೃತ ವ್ಯಾಕರಣದ ಉದಾಹರಣೆಗಳಲ್ಲಿ 'ದೇವದತ್ತ'ನೆಂದರೆ ಯಾರೋ ಒಬ್ಬ. ಪದ್ಮಿನಿ ತಲೆಗಳನ್ನು ಅದಲುಬದಲು ಜೋಡಿಸಿದ ಮೇಲೆ ದೇವದತ್ತ ಯಾರು? ಆ ಯಾರೋ ಒಬ್ಬ ನಾವೂ ಆಗಿರಬಹುದಲ್ಲ! ನಾಳೆ ಇಲ್ಲಿನ ಹುಡುಗರೂ ಆಟ ಕಟ್ಟಿಯಾರು. ಪಾತ್ರಕ್ಕೆ ಹೆಸರಿಡುವ ಮುನ್ನ ಈ ನಾಟಕವನ್ನೊಮ್ಮೆ ಓದಲಿ.