ತೆರೆಯ ಮೇಲೆ ಹಾಡಿನ ಹುಟ್ಟು

ಅರಸನ ಪರಾಕ್ರಮವನ್ನು ತೆರೆಯ ಮೇಲೆ ತೋರಿಸುವುದು ಕಷ್ಟವಲ್ಲ. ಕುದುರೆ, ಕತ್ತಿ, ಕೋಟೆಗಳಿದ್ದರೆ ಸಾಕು. ಪ್ರೇಮಿಯ ಅಳಲನ್ನು ತೋರಿಸುವುದೂ ಕಷ್ಟವಲ್ಲ. ಒಳ್ಳೆಯ ನಟನ ಎರಡು ಕಣ್ಣುಗಳಿದ್ದರೆ ಸಾಕು. ಆದರೆ ವಾಗ್ಗೇಯಕಾರನೊಬ್ಬನ ಮನಸ್ಸಿನಲ್ಲಿ ಹಾಡು ಹುಟ್ಟುವ ಗಳಿಗೆಯನ್ನು ತೋರಿಸುವುದು ಹೇಗೆ? ಹಾಡುವವನ ಬಾಯಿ ಕ್ಯಾಮೆರಾದ ಕಣ್ಣಿಗೆ ಬೀಳುತ್ತದೆ. ತಂತಿಯ ಮೇಲಾಡುವ ಬೆರಳೂ ಬೀಳುತ್ತದೆ. ಒಂದು ಸ್ವರ ಇನ್ನೊಂದನ್ನು ಅರಸಿಕೊಂಡು ಹೋಗುವ ಒಳಹಾದಿ ಮಾತ್ರ ಯಾವ ಕಣ್ಣಿಗೂ ಕಾಣುವುದಿಲ್ಲ. ಸಂಗೀತಗಾರರನ್ನು ಕುರಿತು ಚಿತ್ರ ತೆಗೆದವರೆಲ್ಲ ಎದುರಿಸಿದ ತೊಡಕು ಇದೇ.

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೂ ಈ ಪ್ರಶ್ನೆಗೂ ಹತ್ತಿರದ ನಂಟು. ಕರ್ಣಾಟಕ ಸಂಗೀತದ ಪಿತಾಮಹರೆನಿಸಿದ ಪುರಂದರದಾಸರ ಹುಟ್ಟೂರು ಪುಣೆಯ ಬಳಿಯ ಪುರಂದರಗಡವೆಂಬುದು ಬಹುಕಾಲದಿಂದ ಬಂದ ಮಾತು. ಅದು ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸಮೀಪದ ಕ್ಷೇಮಪುರವೆಂದು ಈಚಿನ ವರ್ಷಗಳಲ್ಲಿ ಹಲವು ವಿದ್ವಾಂಸರು ವಾದಿಸಿದ್ದಾರೆ. ಆರಗವು ವಿಜಯನಗರದ ಕಾಲದಲ್ಲಿ ಒಂದು ಪ್ರಾಂತ್ಯದ ಕೇಂದ್ರವಾಗಿತ್ತು. ಶ್ರೀನಿವಾಸ ನಾಯಕನೆಂಬ ಶ್ರೀಮಂತ ವರ್ತಕ ಅಂಥ ಸೀಮೆಯಲ್ಲಿ ಹುಟ್ಟಿದ್ದನೆಂದರೆ ಅಚ್ಚರಿಯೇನೂ ಇಲ್ಲ.

ಮೂಗುತಿಯ ಕಥೆ, ಸರಳೆಯ ಕಥೆ

ದಾಸರ ಜೀವನವನ್ನು ಕನ್ನಡ ಚಿತ್ರರಂಗ ಮತ್ತೆ ಮತ್ತೆ ಕೈಗೆತ್ತಿಕೊಂಡಿತು. 1964ರ ‘ನವಕೋಟಿ ನಾರಾಯಣ’ದಲ್ಲಿ ರಾಜಕುಮಾರ್ ಅವರು ದಾಸರಾಗಿ ಅಭಿನಯಿಸಿದರು. ಇಂಥ ಚಿತ್ರಕ್ಕೆ ಬೇಕಾದ ಕಥೆ ಸಿದ್ಧವಾಗಿಯೇ ಇದೆ: ಜಿಪುಣ ವರ್ತಕ, ಉದಾರಿಯಾದ ಹೆಂಡತಿ, ಬಡ ಬ್ರಾಹ್ಮಣನಿಗೆ ಕೊಟ್ಟ ಮೂಗುತಿ, ವಿಷದ ಬಟ್ಟಲು, ಕಡೆಗೆ ಸರ್ವತ್ಯಾಗ. ಪ್ರೇಕ್ಷಕರ ಕಣ್ಣು ಒದ್ದೆಯಾಗದೆ ಇರುವುದಿಲ್ಲ.

ಆದರೆ ದಾಸರ ಪ್ರತಿಭೆಯ ಅತಿ ದೊಡ್ಡ ಕಾಣಿಕೆ ಮೂಗುತಿಯ ಕಥೆಯಲ್ಲಿಲ್ಲ. ಮಾಯಾಮಾಳವಗೌಳ ರಾಗವನ್ನು ಆಯ್ದುಕೊಂಡು, ಸರಳೆವರಸೆ, ಜಂಟಿವರಸೆ, ಅಲಂಕಾರ, ಗೀತೆಗಳೆಂದು ಮೆಟ್ಟಿಲು ಮೆಟ್ಟಿಲಾಗಿ ಪಾಠಕ್ರಮವನ್ನು ಕಟ್ಟಿದವರು ಅವರೇ ಎಂದು ಸಂಪ್ರದಾಯ ಹೇಳುತ್ತದೆ. ಈ ರಾಗದ ಸ್ವರಗಳು ಸ್ಥಾಯಿಯ ಎರಡು ಅರ್ಧಗಳಲ್ಲಿಯೂ ಒಂದೇ ಅಂತರದಲ್ಲಿ ನಿಲ್ಲುತ್ತವೆ. ಆದುದರಿಂದ ಕೆಳಗಿನ ಅರ್ಧವನ್ನು ಕಲಿತ ಮಗುವಿಗೆ ಮೇಲಿನ ಅರ್ಧ ತಾನಾಗಿ ಒಲಿಯುತ್ತದೆ. ಎಂಥ ಸೂಕ್ಷ್ಮ ಬುದ್ಧಿ! ಆದರೆ ಇದನ್ನು ಯಾವ ನಿರ್ದೇಶಕ ತಾನೆ ಚಿತ್ರಿಸಿಯಾನು? ಇಲ್ಲಿ ಪವಾಡವಿಲ್ಲ, ಕಣ್ಣೀರಿಲ್ಲ. ಇರುವುದು ಬರಿಯ ಯೋಚನೆ ಮತ್ತು ತಾಳ್ಮೆ.

ವಿಯೆನ್ನಾದ ಮರಣಶಯ್ಯೆ

ಪಾಶ್ಚಾತ್ಯರಲ್ಲಿ ಈ ಸಾಹಸಕ್ಕೆ ಕೈಹಾಕಿ ಗೆದ್ದ ಚಿತ್ರವೆಂದರೆ 1984ರಲ್ಲಿ ತೆರೆಕಂಡ ಮಿಲೋಶ್ ಫೋರ್ಮನ್ ಅವರ ‘ಅಮೇಡಿಯಸ್’. ಎಂಟು ಆಸ್ಕರ್ ಪ್ರಶಸ್ತಿಗಳು ಅದಕ್ಕೆ ಸಂದವು. ಸಾಯುವ ಹಾಸಿಗೆಯಲ್ಲಿರುವ ಮೊಜಾರ್ಟ್ ‘ರಿಕ್ವಿಯಂ’ ಕೃತಿಯ ಸ್ವರಗಳನ್ನು ಹೇಳುತ್ತಾನೆ, ಪ್ರತಿಸ್ಪರ್ಧಿ ಸಾಲಿಯೇರಿ ಬರೆದುಕೊಳ್ಳುತ್ತಾನೆ. ಒಂದೊಂದು ಧ್ವನಿಯೂ ವಾದ್ಯವೂ ಬೇರೆಬೇರೆಯಾಗಿ ಕೇಳಿಸಿ, ಕೊನೆಗೆ ಎಲ್ಲವೂ ಒಂದಾಗಿ ಮೊಳಗುತ್ತವೆ. ಸಂಗೀತರಚನೆಯೆಂಬುದು ಕಟ್ಟಡ ಕಟ್ಟಿದ ಹಾಗೆ ಎಂಬುದು ಸಂಗೀತವರಿಯದವನಿಗೂ ಆಗ ಅರ್ಥವಾಗುತ್ತದೆ.

ಈ ದೃಶ್ಯ ಕೇವಲ ಕಲ್ಪನೆ. ಸಾಲಿಯೇರಿ ಆ ಕೃತಿಯನ್ನು ಬರೆದುಕೊಂಡವನಲ್ಲ, ಮೊಜಾರ್ಟನ ಮರಣಾನಂತರ ಅದನ್ನು ಪೂರ್ಣಗೊಳಿಸಿದವನು ಸ್ಯೂಸ್‌ಮೈರ್. ಅಷ್ಟೇ ಅಲ್ಲ, ಮೊಜಾರ್ಟ್ ಒಂದು ತಿದ್ದುಪಡಿಯೂ ಇಲ್ಲದೆ ಬರೆಯುತ್ತಿದ್ದನೆಂದು ಚಿತ್ರ ನಂಬಿಸುತ್ತದೆ. ಅವನ ಕರಡು ಹಾಳೆಗಳು ಇಂದಿಗೂ ಉಳಿದಿವೆ. 1785ರಲ್ಲಿ ಹೈಡನ್‌ಗೆ ಅರ್ಪಿಸಿದ ಆರು ಕೃತಿಗಳನ್ನು ದೀರ್ಘ ಪರಿಶ್ರಮದ ಫಲವೆಂದು ಅವನೇ ಕರೆದುಕೊಂಡಿದ್ದಾನೆ. ಚಿತ್ರಕ್ಕೆ ಬೇಕಾದುದು ಪವಾಡ. ಕಲಾವಿದನಿಗೆ ಗೊತ್ತಿದ್ದುದು ದುಡಿಮೆ.

ಸೋತ ಕಂಠ, ಮೌನವಾದ ಕಂಠ

ಕನ್ನಡದ ಕಾದಂಬರಿಗಳೂ ಈ ವಸ್ತುವನ್ನು ಚಿತ್ರಕ್ಕೆ ಧಾರಾಳವಾಗಿ ಒದಗಿಸಿವೆ. ತ.ರಾ.ಸು. ಅವರ ‘ಹಂಸಗೀತೆ’ ಮೊದಲು 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಆಯಿತು. ಅದರಲ್ಲಿ ಗಾಯನಸ್ಪರ್ಧೆಯೊಂದಿದೆ. ಗದಗಿನ ಭೀಮಸೇನ ಜೋಶಿಯವರ ಕಂಠ ಅಲ್ಲಿ ಮನ್ನಾ ಡೇ ಅವರ ಕಂಠಕ್ಕೆ ಸೋಲಬೇಕಾಯಿತು, ಏಕೆಂದರೆ ಕಥಾನಾಯಕನಿಗೆ ದನಿಗೊಟ್ಟವರು ಮನ್ನಾ ಡೇ! ಪ್ರತಿಭೆಯನ್ನು ತೋರಿಸಲಾಗದ ಚಿತ್ರ ಗೆಲುವನ್ನು ತೋರಿಸಿ ತೃಪ್ತಿಪಡುವುದು ಹೀಗೆ. ಅದೇ ಭೀಮಸೇನರು 1966ರಲ್ಲಿ, ಅ.ನ.ಕೃ. ಅವರ ಕಾದಂಬರಿಯಿಂದ ಮೂಡಿದ ‘ಸಂಧ್ಯಾರಾಗ’ಕ್ಕೆ ಹಾಡಿ ಕನ್ನಡಿಗರ ಮನಸೂರೆಗೊಂಡರು.

1975ರಲ್ಲಿ ಜಿ.ವಿ. ಅಯ್ಯರ್ ಅವರು ‘ಹಂಸಗೀತೆ’ಯನ್ನು ಕನ್ನಡದಲ್ಲಿ ತೆರೆಗೆ ತಂದಾಗ ಹಿಡಿದ ದಾರಿ ಬೇರೆ. ಅನಂತನಾಗ್ ಅಭಿನಯಿಸಿದ ಭೈರವಿ ವೆಂಕಟಸುಬ್ಬಯ್ಯನ ಕಥೆ ಗೆಲುವಿನಲ್ಲಿ ಮುಗಿಯುವುದಿಲ್ಲ. ಅಪ್ಪಣೆಗೆ ಹಾಡುವುದಕ್ಕಿಂತ ನಾಲಿಗೆಯನ್ನೇ ಕಳೆದುಕೊಳ್ಳುವುದು ಮೇಲೆಂಬ ನಿಲುವಿನಲ್ಲಿ, ಮೌನದಲ್ಲಿ ಮುಗಿಯುತ್ತದೆ. ಈ ಚಿತ್ರದ ಹಾಡುಗಾರಿಕೆಗಾಗಿ ಬಾಲಮುರಳೀಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಹಾಡಿನ ಬೆಲೆ ಎಷ್ಟೆಂಬುದನ್ನು, ಹಾಡು ನಿಂತುಹೋದ ಗಳಿಗೆ ಇಲ್ಲಿ ತಿಳಿಸಿಕೊಡುತ್ತದೆ.

ಹೆಗ್ಗೋಡಿನ ಪಾಠ

ಆ ಚಿತ್ರದ ಸಂಗೀತದಲ್ಲಿ ಕೈಜೋಡಿಸಿದ್ದ ಬಿ.ವಿ. ಕಾರಂತರಿಗೆ ಸಾಗರ ತಾಲ್ಲೂಕಿನ ಹೆಗ್ಗೋಡು ಅತ್ಯಂತ ಆಪ್ತವಾದ ನೆಲ. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಅಡಕೆ ತೋಟದ ಜನರಿಗೆ ಸತ್ಯಜಿತ್ ರಾಯ್, ಕುರೋಸಾವಾ ಮೊದಲಾದವರ ಚಿತ್ರಗಳನ್ನು ತೋರಿಸಿತು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿ ಅವರು 1977ರಲ್ಲಿ ‘ಘಟಶ್ರಾದ್ಧ’ವನ್ನು ನಿರ್ದೇಶಿಸಿದಾಗ ಅದಕ್ಕೆ ಸ್ವರ್ಣಕಮಲವೂ, ಸಂಗೀತಕ್ಕಾಗಿ ಕಾರಂತರಿಗೆ ರಾಷ್ಟ್ರಪ್ರಶಸ್ತಿಯೂ ಬಂದವು. ಮರುವರ್ಷ, 1978ರ ‘ಕಾಡು ಕುದುರೆ’ಯ ಹಾಡಿಗಾಗಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಜನಿಸಿದ ಶಿವಮೊಗ್ಗ ಸುಬ್ಬಣ್ಣನವರು ರಾಷ್ಟ್ರಪ್ರಶಸ್ತಿ ಗಳಿಸಿದರು. ವಕೀಲಿ ವೃತ್ತಿಯವರಾಗಿದ್ದ ಅವರು 2022ರಲ್ಲಿ ಕಾಲವಾದರು.

ಕಾರಂತರ ರೀತಿ ಗಮನಾರ್ಹವಾದುದು. ಮಾತಿನ ಏರಿಳಿತ, ಕೋಲಿನ ಬಡಿತ, ಮಕ್ಕಳ ಕೂಗು—ಇವೆಲ್ಲ ಅವರಿಗೆ ಸಂಗೀತದ ಸಾಮಗ್ರಿ. ತಾಲೀಮಿನ ಮನೆಯಲ್ಲಿ ಹತ್ತಾರು ಜನರ ನಡುವೆ, ಹೇಳಿಕೊಡುತ್ತ, ಬದಲಿಸುತ್ತ, ಮತ್ತೆ ಹಾಡಿಸುತ್ತ ರಂಗಗೀತೆ ರೂಪುಗೊಳ್ಳುತ್ತಿತ್ತು. ಅದನ್ನು ಕಂಡವರಿಗೆ ಹಾಡಿನ ಹುಟ್ಟು ರಹಸ್ಯವೆನಿಸಲಿಲ್ಲ; ಅದು ಕೆಲಸವೆನಿಸಿತು.

ಈ ವಿವೇಚನೆ ಚಿತ್ರರಂಗದವರಿಗಷ್ಟೇ ಸೇರಿದ್ದಲ್ಲ. ತೆರೆಯ ಮೇಲೆ ಪ್ರತಿಭೆ ಯಾವಾಗಲೂ ಮಿಂಚಿನಂತೆ ಇಳಿದುಬಂದರೆ, ಮನೆಯಲ್ಲಿ ಸಂಗೀತ ಕಲಿಯುತ್ತಿರುವ ಮಗು ತನಗೆ ಮಿಂಚು ಬರಲಿಲ್ಲವೆಂದು ಪುಸ್ತಕ ಮುಚ್ಚಿಬಿಡುವ ಅಪಾಯವಿದೆ. ತಂದೆತಾಯಿಗಳೂ ಹಾಗೆಯೇ ಭಾವಿಸಿ ಪಾಠ ನಿಲ್ಲಿಸಿಯಾರು. ಬೆಳಗಿನ ಹೊತ್ತು ಪಕ್ಕದ ಮನೆಯಿಂದ ತಪ್ಪುತಪ್ಪಾಗಿ ಕೇಳಿಬರುವ ಸರಳೆವರಸೆಯಲ್ಲಿ ಒಬ್ಬ ಮಹಾ ವಾಗ್ಗೇಯಕಾರರ ಪ್ರತಿಭೆ ಐದು ಶತಮಾನಗಳ ಬಳಿಕವೂ ಉಸಿರಾಡುತ್ತಿದೆ. ಅದನ್ನು ಕಾಣಿಸಬಲ್ಲ ಚಿತ್ರ ಇನ್ನೂ ಬರಬೇಕಾಗಿದೆ. ಕೇಳಿಸಿಕೊಳ್ಳುವುದಕ್ಕಾದರೋ ಒಂದು ಕಿಟಕಿ ತೆರೆದಿದ್ದರೆ ಸಾಕು.