ಹಳೆ ಕಾರನ್ನು ಮನೆಯಲ್ಲೇ ರಿಪೇರಿ ಮಾಡಬಹುದೇ? ಫಾರ್ವರ್ಡ್‌ಗಳು ಹೇಳುವ ಏಳು ಮಾತು, ಅವುಗಳಲ್ಲಿ ನಿಜವೆಷ್ಟು

ಚನ್ನಗಿರಿಯ ತೋಟದ ಮನೆಯ ಶೆಡ್ಡಿನಲ್ಲೋ, ಜಗಳೂರಿನ ಹಿತ್ತಿಲ ಬೇವಿನ ಮರದ ಕೆಳಗೋ ವರ್ಷಗಟ್ಟಲೆ ನಿಂತ ಮಾರುತಿ 800, ಪದ್ಮಿನಿ, ಅಂಬಾಸಿಡರ್ ಕಾರುಗಳು ನಮ್ಮ ಕಡೆ ಅಪರೂಪವೇನಲ್ಲ. ಅಪ್ಪನೋ ಅಜ್ಜನೋ ಕೊಂಡ ಗಾಡಿ, ಗುಜರಿಗೆ ಹಾಕಲು ಮನಸ್ಸು ಬಾರದು. ಅಂಥ ಕಾರನ್ನು ಹೊಸದರಂತೆ ಮಾಡಿದ ವಿಡಿಯೊಗಳು ಈಗ ಮೊಬೈಲ್ ತುಂಬ ಓಡಾಡುತ್ತವೆ. ಅವುಗಳ ಜೊತೆಗೇ ‘ಹೀಗೆ ಮಾಡಿ, ಖರ್ಚೇ ಇಲ್ಲ’ ಎನ್ನುವ ಫಾರ್ವರ್ಡ್‌ಗಳೂ ಬರುತ್ತವೆ.

ಮೊದಲೇ ಉತ್ತರ ಹೇಳಿಬಿಡುತ್ತೇವೆ. ಹೌದು, ಹೊಸಬರೂ ಮನೆಯಲ್ಲಿ ಬಹಳಷ್ಟು ಕೆಲಸ ಮಾಡಿಕೊಳ್ಳಬಹುದು. ಆದರೆ ಪೆಟ್ರೋಲ್ ಟ್ಯಾಂಕ್, ಕಾರಿನ ಭಾರ, ಎಂಜಿನ್ ಹೊಗೆ, ಬ್ರೇಕ್ ಈ ನಾಲ್ಕು ವಿಷಯಗಳಲ್ಲಿ ಅರ್ಧಂಬರ್ಧ ತಿಳಿವಳಿಕೆ ಜೀವಕ್ಕೇ ಎರವಾಗಬಹುದು. ಸಾಮಾನ್ಯವಾಗಿ ಕೇಳಿಬರುವ ಏಳು ಮಾತುಗಳನ್ನು ಒಂದೊಂದಾಗಿ ನೋಡೋಣ.

1. ‘15 ವರ್ಷ ದಾಟಿದ ಕಾರು ಗುಜರಿಗೇ ಹೋಗಬೇಕು’

ಸುಳ್ಳು. ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳ ಬಗ್ಗೆ ಬಂದ ಆದೇಶಗಳನ್ನು ಇಡೀ ದೇಶಕ್ಕೆ ಅನ್ವಯಿಸಿ ಹೇಳುವುದರಿಂದ ಈ ಗೊಂದಲ ಹುಟ್ಟಿದೆ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿನ ಆರ್‌ಸಿ ಮೊದಲು 15 ವರ್ಷ ನಡೆಯುತ್ತದೆ. ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ, ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು.

ಆದರೆ ಖರ್ಚಿದೆ. ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಕಾರಿಗೆ ಅದನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಲಾಯಿತು. ಗ್ರೀನ್ ಟ್ಯಾಕ್ಸ್ ಬೇರೆ. ಅವಧಿ ಮುಗಿದ ಮೇಲೆ ತಡ ಮಾಡಿದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ ಶುಲ್ಕ ಎಂದು ನಿಯಮ ಹೇಳುತ್ತದೆ. ಐದು ವರ್ಷ ಸುಮ್ಮನೆ ನಿಂತ ಗಾಡಿಗೆ ಈ ಲೆಕ್ಕದಲ್ಲಿ 30,000 ರೂಪಾಯಿ! ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ಹಿಡಿಯಿರಿ. ಹಣ ಕಟ್ಟುವ ಮುಂಚೆ ಪರಿವಾಹನ್ ತಾಣದಲ್ಲಿ ಅಂದಿನ ದರ ನೋಡಿಕೊಳ್ಳಿ.

ನಮ್ಮ ಭಾಗದವರಿಗೆ ಇನ್ನೊಂದು ಮಾತು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಇಂದಿನ ನ್ಯಾಮತಿ ತಾಲ್ಲೂಕು ಆಗ ಹೊನ್ನಾಳಿಯ ಭಾಗ. ಹಾಗಾಗಿ ಹಳೆ ಕಾರಿನ ನಂಬರು ಈಗಿನ ಕೆಎ 17ರ ಬದಲು ಕೆಎ 14 ಅಥವಾ ಕೆಎ 16 ಇರಬಹುದು. ಅಂಥ ಗಾಡಿಯ ದಾಖಲೆ ಕಂಪ್ಯೂಟರ್‌ಗೆ ಏರಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಮೊದಲು ನೋಂದಣಿಯಾದ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ.

2. ‘ಹಳೆ ಮಾರುತಿ 800 ಈಗ ವಿಂಟೇಜ್, ಲಕ್ಷಗಟ್ಟಲೆ ಬೆಲೆ’

ಸುಳ್ಳು. ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ ವಿಂಟೇಜ್ ಎನ್ನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮಾರುತಿ 800ರ ಮೊದಲ ಕಾರು ಮಾಲೀಕರ ಕೈಸೇರಿದ್ದು 1983ರ ಡಿಸೆಂಬರ್ 14ರಂದು. ಅಂದರೆ ಅತ್ಯಂತ ಹಳೆಯ 800 ಕೂಡ 2033ರವರೆಗೆ ಕಾಯಬೇಕು.

ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು, ದಿನಾ ಸಂತೆಗೆ ಒಯ್ಯುವಂತಿಲ್ಲ. ನಿಜವಾದ ವಿಂಟೇಜ್ ಕಾರುಗಳನ್ನು ಹೇಗೆ ಕಾಪಾಡುತ್ತಾರೆ ಎಂದು ನೋಡುವ ಆಸೆಯಿದ್ದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ಕ್ಕೋ ಹೋಗಿಬನ್ನಿ.

3. ‘ಕೋಲಾ ಸುರಿದರೆ ತುಕ್ಕು ಮಾಯ’

ಅರ್ಧ ನಿಜ. ಕೋಲಾದಲ್ಲಿ ಸ್ವಲ್ಪ ಫಾಸ್ಫಾರಿಕ್ ಆಮ್ಲವಿದೆ, ಅದು ತೆಳುವಾದ ತುಕ್ಕನ್ನು ಕರಗಿಸುತ್ತದೆ. ಹುಣಸೆಹಣ್ಣಿನಲ್ಲಿ ತಾಮ್ರದ ಚೊಂಬು ಹೊಳೆಯುವುದೂ ಆಮ್ಲದಿಂದಲೇ. ಸಣ್ಣ ನಟ್ಟು, ಬೋಲ್ಟು, ಬಾಗಿಲ ಹಿಡಿಗಳಿಗೆ ಇದು ನಡೆದೀತು. ಆದರೆ ಸಕ್ಕರೆಯ ಅಂಟು ಉಳಿಯುತ್ತದೆ, ಕೆಲಸವೂ ನಿಧಾನ. ಅದಕ್ಕಿಂತ ಬಿಳಿ ವಿನೆಗರ್ ಅಗ್ಗ. ಒಂದು ರಾತ್ರಿ ನೆನೆಸಿ, ಬ್ರಷ್‌ನಿಂದ ಉಜ್ಜಿ, ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಸವರಬೇಕು. ಒದ್ದೆಯಾಗಿ ಬಿಟ್ಟರೆ ಮರುದಿನವೇ ಮತ್ತೆ ತುಕ್ಕು. ಬ್ರೇಕ್‌ನ ಭಾಗಗಳನ್ನು, ಸ್ಪ್ರಿಂಗ್‌ಗಳನ್ನು ಮಾತ್ರ ಆಮ್ಲದಲ್ಲಿ ನೆನೆಸಬೇಡಿ, ಗಟ್ಟಿ ಉಕ್ಕು ಒಳಗೊಳಗೇ ಪೆಡಸಾಗಿ ಮುರಿಯಬಹುದು. ವಿನೆಗರ್ ಜೊತೆ ಬ್ಲೀಚ್ ಬೆರೆಸಲೇಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಯಾವ ಆಮ್ಲವೂ ತಿಂದುಹೋದ ಕಬ್ಬಿಣವನ್ನು ವಾಪಸ್ ತಾರದು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಗಾಳಿಯ ತೇವಾಂಶ ಸುಮಾರು ಶೇ 60 ದಾಟಿದರೆ ಅದರ ವೇಗ ಏರುತ್ತದೆ. ಅದಕ್ಕೇ ಒಂದೇ ವರ್ಷದ ಎರಡು ಕಾರುಗಳು ನಮ್ಮ ತಾಲ್ಲೂಕುಗಳಲ್ಲಿ ಬೇರೆ ಬೇರೆಯಾಗಿ ಹಾಳಾಗುತ್ತವೆ. ತೋಟ, ಗದ್ದೆ, ನಾಲೆ ಇರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಲ್ಲಿ ಮೊದಲು ನೋಡಬೇಕಾದ್ದು ತುಕ್ಕನ್ನು. ಬಾಗಿಲ ಕೆಳ ಅಂಚು, ಮ್ಯಾಟ್ ಅಡಿಯ ತಳ, ಬ್ಯಾಟರಿ ಕೂರುವ ಜಾಗ, ಡಿಕ್ಕಿಯ ಸ್ಟೆಪ್ನಿ ಅಡಿ ಇವುಗಳನ್ನು ಪರೀಕ್ಷಿಸಿ. ಅದೇ ಶೆಡ್ಡಿನಲ್ಲಿ ಪೊಟ್ಯಾಷ್, ಯೂರಿಯಾ ಚೀಲಗಳಿದ್ದರೆ ಬೇರೆಡೆಗೆ ಸಾಗಿಸಿ. ಗೊಬ್ಬರದ ಲವಣಗಳು ತುಕ್ಕನ್ನು ಇನ್ನಷ್ಟು ಬೇಗ ಹಬ್ಬಿಸುತ್ತವೆ. ಮಳೆ ಕಡಿಮೆಯಿರುವ ಜಗಳೂರಿನಲ್ಲಿ ಬಾಡಿ ಚೆನ್ನಾಗಿದ್ದರೂ ಬಿಸಿಲಿಗೆ ಟೈರು, ರಬ್ಬರ್ ಪೈಪು, ವೈರಿನ ಹೊದಿಕೆ ಬಿರುಕು ಬಿಟ್ಟಿರುತ್ತವೆ.

ಶಂಕೆಯಿರುವ ಕಡೆ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿ. ತಗಡು ಕುಸಿದರೆ ಅದು ಮೇಲಿನ ತುಕ್ಕಲ್ಲ. ಸಸ್ಪೆನ್ಷನ್, ಸೀಟ್ ಬೆಲ್ಟ್ ಕೂಡುವ ಜಾಗದಲ್ಲಿ ಹೀಗಾಗಿದ್ದರೆ ನುರಿತ ವೆಲ್ಡರ್ ಬೇಕೇ ಬೇಕು. ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಕಣ್ಣಿಗೆ ಚೆಂದ ಕಾಣುತ್ತದೆ, ಅಪಘಾತವಾದರೆ ಕಾಪಾಡುವುದಿಲ್ಲ.

4. ‘ತಳಕ್ಕೆ ಹಳೆ ಎಂಜಿನ್ ಆಯಿಲ್ ಬಳಿದರೆ ಸಾಕು’

ಅರ್ಧ ನಿಜ, ಆದರೆ ಬೇಡ. ಎಣ್ಣೆಯ ಪದರ ಕೆಲವು ದಿನ ನೀರನ್ನು ತಡೆಯುತ್ತದೆ. ಆದರೆ ಬಳಸಿದ ಆಯಿಲ್‌ನಲ್ಲಿ ಎಂಜಿನ್ ಸವೆದ ಲೋಹದ ಪುಡಿ, ಕ್ಯಾನ್ಸರ್‌ಗೆ ಕಾರಣವಾಗಬಲ್ಲ ರಾಸಾಯನಿಕಗಳು ಇರುತ್ತವೆ, ಚರ್ಮಕ್ಕೆ ಒಳ್ಳೆಯದಲ್ಲ. ಅದು ರಬ್ಬರ್ ಬುಷ್‌ಗಳನ್ನು ಕೆಡಿಸುತ್ತದೆ. ಸೈಲೆನ್ಸರ್ ಮೇಲೆ ಬಿದ್ದರೆ ಹೊಗೆ, ಬೆಂಕಿಯ ಭಯ. ಮಳೆಗೆ ತೊಳೆದು ತೋಟಕ್ಕೂ ಬಾವಿಗೂ ಸೇರುತ್ತದೆ. ತುಕ್ಕು ತೆಗೆದು, ಪ್ರೈಮರ್ ಹೊಡೆದು, ಅಂಡರ್‌ಬಾಡಿ ಕೋಟಿಂಗ್ ಮಾಡಿಸುವುದೇ ಸರಿಯಾದ ದಾರಿ.

5. ‘ಟ್ಯಾಂಕ್ ಖಾಲಿಯಿದೆ, ವೆಲ್ಡಿಂಗ್ ಮಾಡಿದರೆ ಏನೂ ಆಗಲ್ಲ’

ಏಳರಲ್ಲಿ ಅತ್ಯಂತ ಅಪಾಯಕಾರಿ ಮಾತು ಇದು. ಉರಿಯುವುದು ಪೆಟ್ರೋಲಿನ ದ್ರವವಲ್ಲ, ಅದರ ಆವಿ. ಗಾಳಿಯಲ್ಲಿ ಆವಿ ಸುಮಾರು ಶೇ 1.4ರಿಂದ 7.6ರಷ್ಟು ಬೆರೆತಾಗ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗ ಕಡಿಮೆ. ‘ಖಾಲಿ’ ಟ್ಯಾಂಕಿನೊಳಗೆ ಆವಿ ಮತ್ತು ಗಾಳಿ ಸರಿಯಾಗಿ ಬೆರೆತು ಬಾಂಬಿನಂತೆ ಕೂತಿರುತ್ತವೆ. ಬಹಳ ಕಾಲ ನಿಂತ ಕಾರಿನ ಟ್ಯಾಂಕಿನ ಮೂಲೆಯಲ್ಲಿ, ತುಕ್ಕಿನ ಪದರದ ಅಡಿಯಲ್ಲಿ ಉಳಿದ ಸ್ವಲ್ಪವೇ ಪೆಟ್ರೋಲ್ ಇದಕ್ಕೆ ಸಾಕಾಗುತ್ತದೆ. ಸೋಪುನೀರಿನಲ್ಲಿ ತೊಳೆದರೆ ಅಥವಾ ನೀರು ತುಂಬಿಸಿದರೆ ಸಾಕು ಎಂಬ ಮಾತನ್ನೂ ನಂಬಬೇಡಿ, ಮೇಲ್ಭಾಗದಲ್ಲಿ ಆವಿ ಸಿಕ್ಕಿಕೊಂಡಿರಬಹುದು. ತೂತಾದ ಟ್ಯಾಂಕನ್ನು ಬದಲಾಯಿಸಿ, ಇಲ್ಲವೇ ಆ ಕೆಲಸವನ್ನೇ ಮಾಡುವ ವರ್ಕ್‌ಶಾಪಿಗೆ ಕೊಡಿ.

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿಗೆ ಸೇರುತ್ತದೆ. ಅಡಿಕೆ ಸುಗ್ಗಿಯಲ್ಲಿ ಅಂಗಳದಲ್ಲೇ ಅಡಿಕೆ ಬೇಯಿಸುವ ಒಲೆ ಉರಿಯುತ್ತಿರುತ್ತದೆ. ಶೆಡ್ಡಿನಲ್ಲಿ ಪೆಟ್ರೋಲ್ ಚೆಲ್ಲಿದರೆ ಆವಿ ಆ ಒಲೆಯವರೆಗೂ ಹೋಗಬಲ್ಲದು. ಆದ್ದರಿಂದ ಒಲೆ ಉರಿಯುವ ದಿನ ಪೆಟ್ರೋಲ್ ಕೆಲಸ ಬೇಡ. ಮೇವಿನ ಬಣವೆ, ಮೆಕ್ಕೆಜೋಳದ ರಾಶಿ ಹತ್ತಿರವಿದ್ದರೂ ಬೇಡ.

ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆಯುವುದನ್ನೂ ಬಿಡಿ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಕೈಯಲ್ಲಿ ಒತ್ತುವ ಪಂಪ್ ಅಂಗಡಿಯಲ್ಲಿ ಸಿಗುತ್ತದೆ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಹಳೆ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಇದಕ್ಕಾಗಿ ಮಾಡಿದ್ದಲ್ಲ. ಎಥೆನಾಲ್ ತಡೆದುಕೊಳ್ಳುವ ಹೊಸ ಪೈಪು ಹಾಕಿಸುವುದು ಬಣ್ಣಕ್ಕಿಂತ ಮೊದಲ ಖರ್ಚಾಗಲಿ.

6. ‘ಜಾಕ್ ಎತ್ತಿದರೆ ಸಾಕು, ಬೇಕಿದ್ದರೆ ಇಟ್ಟಿಗೆ ಇಡಿ’

ಸುಳ್ಳು. ಜಾಕ್ ಇರುವುದು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಮಾರುತಿ 800 ಚಿಕ್ಕ ಕಾರು, ಆದರೂ ಸುಮಾರು 650 ಕಿಲೋ ತೂಗುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳು ಯಾವ ಸೂಚನೆಯೂ ಇಲ್ಲದೆ ಒಡೆಯುತ್ತವೆ. ಒಂದು ಜೊತೆ ಜಾಕ್ ಸ್ಟ್ಯಾಂಡ್ ಕೊಳ್ಳಿ. ಕಾರು ಗಟ್ಟಿ, ಸಮತಟ್ಟು ನೆಲದಲ್ಲಿರಲಿ. ಮಣ್ಣಿನ ಕಣವಾದರೆ ಸ್ಟ್ಯಾಂಡ್ ಹೂತುಹೋಗುತ್ತದೆ, ಆದ್ದರಿಂದ ಕಾಂಕ್ರೀಟ್ ನೆಲವೇ ಆಗಬೇಕು. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು ಇಡಿ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಒಮ್ಮೆ ಕಾರನ್ನು ಅಲುಗಿಸಿ ನೋಡಿ. ಒಬ್ಬರೇ ಇರುವಾಗ ಕಾರಿನಡಿಗೆ ಹೋಗಬೇಡಿ.

7. ‘ನೂಕಿ ಸ್ಟಾರ್ಟ್ ಮಾಡಿ, ಶೆಡ್ಡಿನಲ್ಲೇ ಓಡಲು ಬಿಡಿ’

ಎರಡೂ ತಪ್ಪು. ವರ್ಷಗಟ್ಟಲೆ ನಿಂತ ಎಂಜಿನ್‌ನೊಳಗೆ ಎಣ್ಣೆ ಇಳಿದುಹೋಗಿ ಸಿಲಿಂಡರ್ ಒಣಗಿರುತ್ತದೆ, ಹಳೆ ಪೆಟ್ರೋಲ್ ಅಂಟಾಗಿರುತ್ತದೆ. ಮೊದಲು ಹಳೆ ಪೆಟ್ರೋಲ್, ಆಯಿಲ್ ಎರಡನ್ನೂ ತೆಗೆದು ಹೊಸದು ಹಾಕಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಬೋಲ್ಟನ್ನು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿ. ಸರಾಗವಾಗಿ ತಿರುಗಿದರೆ ಮುಂದಿನ ಹೆಜ್ಜೆ, ಇಲ್ಲದಿದ್ದರೆ ಬಲ ಹಾಕದೆ ಮೆಕ್ಯಾನಿಕ್ ಕರೆಯಿರಿ.

ಸ್ಟಾರ್ಟ್ ಮಾಡುವುದು ಹೊರಗೆ, ಬಯಲಲ್ಲಿ. ಹಳೆ ಕಾರ್ಬ್ಯುರೇಟರ್ ಕಾರುಗಳ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿಯುತ್ತದೆ. ತಲೆನೋವು, ತಲೆಸುತ್ತು ಬಂದು ಆಯಾಸವೆಂದು ಕೂತವರು ಏಳುವುದೇ ಇಲ್ಲ. ಶೆಡ್ಡಿನ ಬಾಗಿಲು ತೆರೆದಿಟ್ಟರೂ ಸಾಲದು.

ಏನು ನೀವು ಮಾಡಿ, ಏನು ಬೇರೆಯವರಿಗೆ ಕೊಡಿ

ತೊಳೆಯುವುದು, ಸೀಟು, ಮ್ಯಾಟ್ ಬಿಚ್ಚಿ ಒಣಗಿಸುವುದು, ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಾಯಿಸುವುದು, ಮೇಲಿನ ತುಕ್ಕು ಉಜ್ಜಿ ಪ್ರೈಮರ್ ಹೊಡೆಯುವುದು, ಬಲ್ಬು, ಫ್ಯೂಸ್ ನೋಡುವುದು ಇವೆಲ್ಲ ನಿಮ್ಮ ಕೆಲಸ. ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನಟ್ಟು, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಹೆಸರು ಬರೆಯಿರಿ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು.

ಬ್ರೇಕ್, ಸ್ಟೀರಿಂಗ್, ಟ್ಯಾಂಕ್, ವೆಲ್ಡಿಂಗ್ ಮೆಕ್ಯಾನಿಕ್‌ಗೆ ಬಿಡಿ. ಹಳೆ ಬ್ರೇಕ್ ಲೈನಿಂಗ್‌ನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಆ ಧೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿದೆ. ನೀರು ಹಾಕಿಯೇ ಉಜ್ಜಿ, ಎನ್95 ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ.

ಟೈರಿನ ವಯಸ್ಸು ತಿಳಿಯಲು ಅದರ ಬದಿಯಲ್ಲಿ ಕೊನೆಗೆ ಇರುವ ನಾಲ್ಕು ಅಂಕಿ ನೋಡಿ. 2314 ಎಂದಿದ್ದರೆ 2014ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಇರಲಿ, ಬದಲಾಯಿಸಿ.

ಖರ್ಚಿನ ಕ್ರಮ ಹೀಗಿರಲಿ: ಮೊದಲು ದಾಖಲೆ, ಆಮೇಲೆ ಬ್ರೇಕ್ ಮತ್ತು ಟೈರು, ನಂತರ ಪೆಟ್ರೋಲ್ ಪೈಪು ಮತ್ತು ವೈರಿಂಗ್, ಕೊನೆಗೆ ಬಣ್ಣ. ಫಾರ್ವರ್ಡ್ ವಿಡಿಯೊಗಳಲ್ಲಿ ಬಣ್ಣವೇ ಮೊದಲು ಕಾಣುವುದರಿಂದ ಹೊಸಬರು ಅಲ್ಲಿಂದಲೇ ಶುರು ಮಾಡಿ, ಹಣ ಮುಗಿದ ಮೇಲೆ ಬ್ರೇಕ್ ಇಲ್ಲದ ಹೊಳೆಯುವ ಕಾರಿನ ಮುಂದೆ ನಿಲ್ಲುತ್ತಾರೆ.

ಈ ಲೇಖನದಲ್ಲಿ ಒಂದೇ ಭಾಗವನ್ನು ಹಂಚಿಕೊಳ್ಳುವುದಾದರೆ ಐದನೆಯದನ್ನು ಹಂಚಿಕೊಳ್ಳಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗರ ಮೊಬೈಲಿಗೂ ಅದು ತಲುಪಲಿ.