ಗೋಡೆಯ ಕಲೆಗೆ ಬಣ್ಣ ಮದ್ದಲ್ಲ

ಗೃಹಪ್ರವೇಶ ಮುಗಿದು, ನೆಂಟರು ಊರು ಸೇರಿ, ಬಾಗಿಲಿಗೆ ಕಟ್ಟಿದ ಮಾವಿನೆಲೆ ಒಣಗುವಷ್ಟರಲ್ಲಿ ಮನೆ ತನ್ನ ಕೆಲಸ ಶುರು ಮಾಡಿರುತ್ತದೆ. ಕಾಂಕ್ರೀಟು ನೀರು ಬಿಟ್ಟು ಕುಗ್ಗುತ್ತದೆ, ಪ್ಲಾಸ್ಟರಿಂಗ್ ಬಿಗಿದುಕೊಳ್ಳುತ್ತದೆ, ಪಾಯದ ಕೆಳಗಿನ ಮಣ್ಣು ಕೂರುತ್ತದೆ. ಮೊದಲ ಮಳೆಗಾಲಕ್ಕೆ ಎಲ್ಲೋ ಒಂದು ಕಲೆ, ಎಲ್ಲೋ ಒಂದು ಗೆರೆ ಕಾಣಿಸುತ್ತದೆ. ಆಗ ಸಲಹೆಗೆ ಬರವಿಲ್ಲ. ಮೇಸ್ತ್ರಿ ಒಂದು ಹೇಳುತ್ತಾರೆ, ಪೇಂಟ್ ಅಂಗಡಿಯವರು ಇನ್ನೊಂದು, ಎದುರುಮನೆಯವರು ಮತ್ತೊಂದು. ಬಹುಪಾಲು ಜನ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅವುಗಳಲ್ಲಿ ಎಷ್ಟೋ ಸಲಹೆಗಳು ದುಡ್ಡು ತಿನ್ನುತ್ತವೆ, ತೊಂದರೆಯನ್ನು ಹಾಗೇ ಉಳಿಸುತ್ತವೆ. ಸಾಲ ಮಾಡಿ ಮನೆ ಮಾಡಿಕೊಂಡವರಿಗೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಸುರಿಯುವ ಶಕ್ತಿ ಇರುವುದಿಲ್ಲ. ಆದ್ದರಿಂದ ಊರೆಲ್ಲ ನಂಬಿರುವ ಕೆಲವು ಮಾತುಗಳನ್ನು ಇಲ್ಲಿ ಒರೆಗೆ ಹಚ್ಚಿದ್ದೇನೆ.

“ಹೊಸ ಮನೆ ತಾನೆ, ಐದಾರು ವರ್ಷ ಏನೂ ನೋಡಬೇಕಾಗಿಲ್ಲ”

ನಿಜ ಇದಕ್ಕೆ ತಿರುಗುಮುರುಗು. ಕಟ್ಟಡದ ಲೋಪಗಳು ಹೆಚ್ಚಾಗಿ ಹೊರಬೀಳುವುದು ಮೊದಲ ಎರಡು ಮೂರು ವರ್ಷಗಳಲ್ಲೇ. ಕಾನೂನು ನಿಮ್ಮ ಪರ ನಿಲ್ಲುವುದೂ ಆಗಲೇ. ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಬಿಲ್ಡರ್‌ನಿಂದ ಫ್ಲ್ಯಾಟ್ ಅಥವಾ ಮನೆ ಕೊಂಡಿದ್ದರೆ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡರೆ ಅದನ್ನು ಅವರೇ ಹೆಚ್ಚುವರಿ ಹಣ ಪಡೆಯದೆ 30 ದಿನದೊಳಗೆ ಸರಿಪಡಿಸಿಕೊಡಬೇಕು. ಈ ವಿಷಯ ಗೊತ್ತಿಲ್ಲದೆ ಎಷ್ಟೋ ಜನ ತಾವೇ ಪೇಂಟರ್ ಕರೆಸಿ, ಕಲೆ ಮುಚ್ಚಿಸಿ, ಸಾಕ್ಷಿಯನ್ನೂ ಅಳಿಸಿಬಿಡುತ್ತಾರೆ. ಮೊದಲು ಫೋಟೊ ತೆಗೆಯಿರಿ, ತಾರೀಖು ಬರೆದಿಡಿ, ಬಿಲ್ಡರ್‌ಗೆ ಲಿಖಿತವಾಗಿ ತಿಳಿಸಿ. ಫೋನಿನಲ್ಲಿ ಹೇಳಿದ್ದು ನಾಳೆ ಲೆಕ್ಕಕ್ಕೆ ಬರುವುದಿಲ್ಲ. ಸ್ವಂತ ಸೈಟಿನಲ್ಲಿ ಗುತ್ತಿಗೆದಾರರಿಂದ ಕಟ್ಟಿಸಿಕೊಂಡವರಿಗೆ ಈ ಕಾಯ್ದೆಯ ಆಸರೆ ಸಿಗುವುದಿಲ್ಲ. ಅವರ ಹಕ್ಕು ಮುಖ್ಯವಾಗಿ ನಿಂತಿರುವುದು ಕರಾರುಪತ್ರದ ಮೇಲೆ. ಹಾಗಾಗಿ ಕೊನೆಯ ಕಂತು ಕೊಡುವ ಮೊದಲು ಒಂದು ಮಳೆಗಾಲ ದಾಟಲಿ ಎಂದು ಕರಾರಿನಲ್ಲೇ ಬರೆಸಿಕೊಳ್ಳುವುದು ಜಾಣತನ.

“ಗೋಡೆ ಒದ್ದೆಯಾದರೆ ಡ್ಯಾಂಪ್‌ಪ್ರೂಫ್ ಬಣ್ಣ ಹೊಡೆಸಿದರೆ ಮುಗೀತು”

ಮನೆಯ ಪಾಲಿಗೆ ಇಷ್ಟು ದುಬಾರಿಯಾದ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಗೋಡೆಯ ಪಸೆಗೆ ಒಂದು ಮೂಲ ಇದ್ದೇ ಇರುತ್ತದೆ. ಅದು ನೆಲದಿಂದ ಮೇಲೇರಿರಬಹುದು, ಹೊರಗಿನ ಮಳೆಯಿಂದ ಬಂದಿರಬಹುದು, ಪೈಪಿನಿಂದಲೋ ಬಚ್ಚಲಿನಿಂದಲೋ ಒಸರಿರಬಹುದು. ಮೂಲ ಹಾಗೇ ಬಿಟ್ಟು ಒಳಗಡೆ ಗಾಳಿಯಾಡದ ಬಣ್ಣ ಬಳಿದರೆ ನೀರು ಗೋಡೆಯೊಳಗೇ ಸಿಕ್ಕಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಬಣ್ಣ ಗುಳ್ಳೆ ಏಳುತ್ತದೆ, ಪುಟ್ಟಿ ಹಪ್ಪಳದಂತೆ ಕಿತ್ತು ಬರುತ್ತದೆ, ಇಲ್ಲವೇ ಪಸೆ ಒಂದಡಿ ಮೇಲೆ ಹೊಸ ಜಾಗ ಹುಡುಕಿಕೊಳ್ಳುತ್ತದೆ.

ಮೂಲ ಯಾವುದೆಂದು ಕಲೆಯೇ ಸುಳಿವು ಕೊಡುತ್ತದೆ. ನೆಲದಿಂದ ಏರಿದ ಪಸೆ ಸಾಮಾನ್ಯವಾಗಿ ಎರಡು ಮೂರು ಅಡಿ ಎತ್ತರದವರೆಗೆ ಉದ್ದಕ್ಕೂ ಹರಡಿ, ಮೇಲಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಬಿಡುತ್ತದೆ. ಮಳೆಯಿಂದ ಬಂದದ್ದು ಮಳೆ ಹೊಯ್ದ ಮಾರನೇ ದಿನ ದಟ್ಟವಾಗಿ ಬೇಸಿಗೆಯಲ್ಲಿ ಮಾಯವಾಗುತ್ತದೆ. ಇದು ಹೆಚ್ಚಾಗಿ ಕಿಟಕಿಯ ಮೂಲೆಯಲ್ಲೋ ಸಜ್ಜೆಯ ಬೆಸುಗೆಯಲ್ಲೋ ಇರುತ್ತದೆ. ಪೈಪಿನ ಸೋರಿಕೆಗೆ ಕಾಲವೆಂಬುದಿಲ್ಲ, ಮಾರ್ಚಿನಲ್ಲೂ ಕಲೆ ಹಸಿಯಾಗಿಯೇ ಇರುತ್ತದೆ.

ಅನುಮಾನ ಇದ್ದರೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ಒಂದಡಿ ಚೌಕಕ್ಕೆ ಕತ್ತರಿಸಿ, ಕಲೆಯ ಮೇಲಿಟ್ಟು, ನಾಲ್ಕೂ ಅಂಚಿಗೆ ಗಾಳಿ ನುಸುಳದಂತೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹನಿ ಫಾಯಿಲಿನ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಮಲೆನಾಡು, ಕೊಡಗಿನ ಮನೆಗಳಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಹಿಂದೆ ಬೂಷ್ಟು ಬರುವುದು ಎಷ್ಟೋ ಸಲ ಇದರಿಂದಲೇ. ಬೀರುವನ್ನು ಅಂಗೈ ಅಗಲ ಮುಂದೆ ತಂದು ಕಿಟಕಿ ತೆರೆದಿಟ್ಟರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಹನಿ ಒಳಮೈಯಲ್ಲಿ, ಗೋಡೆಯ ಕಡೆ ಇದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಆಗ ಪ್ಲಂಬರ್ ಬೇಕೋ ಮೇಸ್ತ್ರಿ ಬೇಕೋ ಎಂದು ಹುಡುಕಬೇಕು. ಪೇಂಟರ್ ಸರದಿ ಬರುವುದು ಕೊನೆಗೆ.

ಬಚ್ಚಲಿನ ಮೇಲೆ ಸಂಶಯವಿದ್ದರೆ ನೆಲದ ಜಾಲರಿಗೆ ಬಟ್ಟೆ ಬಿಗಿಯಾಗಿ ತುರುಕಿ, ಹೊಸ್ತಿಲು ದಾಟದಷ್ಟು, ಅಂದರೆ ಒಂದಂಗುಲ ನೀರು ನಿಲ್ಲಿಸಿ 24 ಗಂಟೆ ಕಾಯಿರಿ. ಕೆಳಗಿನ ಸೂರಿನಲ್ಲೋ ಪಕ್ಕದ ಗೋಡೆಯಲ್ಲೋ ತೇವ ಮೂಡಿದರೆ ಟೈಲಿನ ಕೆಳಗಿನ ಪದರ ಸೋತಿದೆ ಎಂದರ್ಥ. ಏನೂ ಆಗದಿದ್ದರೆ ಒತ್ತಡದಲ್ಲಿರುವ ನೀರಿನ ಪೈಪನ್ನು ಶಂಕಿಸಬೇಕು. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ನೋಡಿದರೆ ಉತ್ತರ ಸಿಗುತ್ತದೆ. ಇಷ್ಟಕ್ಕೆ ಖರ್ಚಾಗುವುದು ಕೆಲವು ಬಕೆಟ್ ನೀರು, ಒಂದು ಚೂರು ಟೇಪು.

ಉಪ್ಪು ಬಿಟ್ಟ ಗೋಡೆಯನ್ನು ನೀರು ಹಾಕಿ ತೊಳೆಯಬೇಡಿ. ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಪುಡಿ ಗುಡಿಸಿ ಹೊರಗೆ ಹಾಕಿ. ಇನ್ನೊಂದು ಮಾತು: ನಮ್ಮಲ್ಲಿ ಬಣ್ಣ ಹೊಡೆಸುವುದು ದೀಪಾವಳಿಗೆ. ಹಬ್ಬದ ಸಂಭ್ರಮ ನನಗೂ ಪ್ರೀತಿಯೇ, ಆದರೆ ಹಳೇ ಮೈಸೂರು ಸೀಮೆಯಲ್ಲಿ ಅದು ಹಿಂಗಾರು ಮಳೆ ಹಿಡಿದಿರುವ ಹೊತ್ತು. ಗೋಡೆ ವರ್ಷದಲ್ಲೇ ಅತಿ ಒದ್ದೆಯಾಗಿರುವ ಕಾಲ. ಗೋಡೆ ಒಣಗಿರುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಯುಗಾದಿಗೆ ಹೊಡೆಸಿದ ಬಣ್ಣ ದೀಪಾವಳಿಗೆ ಹೊಡೆಸಿದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ.

“ತಾರಸಿಗೆ ಒಮ್ಮೆ ವಾಟರ್‌ಪ್ರೂಫಿಂಗ್ ಮಾಡಿಸಿದರೆ ಜೀವಮಾನಕ್ಕೆ ಸಾಕು”

ತಾರಸಿಯ ಮೇಲೆ ಬಳಿಯುವ ಲೇಪನ ಬಿಸಿಲಿಗೆ ಸವೆಯುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಕಾಂಕ್ರೀಟಿನ ಜೊತೆ ಎಳೆದಾಡಿ ಬಿರುಕು ಬಿಡುತ್ತದೆ. ಕೆಲವು ವರ್ಷಗಳಿಗೊಮ್ಮೆ ಅದನ್ನು ಹೊಸದು ಮಾಡಲೇಬೇಕು. ಆದರೆ ಬಹುತೇಕ ತಾರಸಿಗಳು ಸೋರುವುದಕ್ಕೆ ಲೇಪನಕ್ಕಿಂತ ಮೊದಲು ಬೇರೆ ಎರಡು ಕಾರಣಗಳಿರುತ್ತವೆ. ಒಂದು, ನೀರು ಹೊರಹೋಗುವ ಪೈಪಿನ ಬಾಯಿ ಎಲೆ ಕಸದಿಂದ ಕಟ್ಟಿಕೊಂಡು ನೀರು ನಿಲ್ಲುವುದು. ಮೇ ತಿಂಗಳ ಕೊನೆಯೊಳಗೆ ಹತ್ತಿ ಒಮ್ಮೆ ಗುಡಿಸಿ, ಒಂದು ಬಕೆಟ್ ನೀರು ಸುರಿದು ಎತ್ತ ಹರಿಯುತ್ತದೆ ನೋಡಿ. ನೂರು ಅಡಿಗೆ ಒಂದಡಿಯಾದರೂ ಇಳಿಜಾರಿರಬೇಕು.

ಎರಡನೆಯದು ನಾವೇ ಮಾಡಿಕೊಳ್ಳುವುದು. ವಾಟರ್‌ಪ್ರೂಫಿಂಗ್ ಮುಗಿದ ಮೇಲೆ ಸೋಲಾರ್ ಹೀಟರ್ ಸ್ಟ್ಯಾಂಡಿಗೆ, ಡಿಶ್ ಆಂಟೆನಾಗೆ, ಬಟ್ಟೆ ಒಣಗಿಸುವ ಕಂಬಕ್ಕೆ ಡ್ರಿಲ್ ಹಾಕಿ ಬೋಲ್ಟ್ ಬಿಗಿಸುತ್ತಾರೆ. ಲೇಪನ ತೂತಾದ ಆ ಜಾಗದಿಂದಲೇ ನೀರು ಇಳಿಯುತ್ತದೆ, ಸೂರಿನಲ್ಲಿ ಕಾಣಿಸಿಕೊಳ್ಳುವುದು ಮಾತ್ರ ಎಂಟು ಹತ್ತು ಅಡಿ ಆಚೆ. ಸ್ಟ್ಯಾಂಡಿನ ಕಾಲುಗಳನ್ನು ತಾರಸಿ ಕೊರೆಯದೆ ಭಾರದ ಕಾಂಕ್ರೀಟ್ ದಿಮ್ಮಿಗಳ ಮೇಲೆ ಕೂರಿಸಬಹುದು. ಗಾಳಿಗೆ ಅಲುಗದಷ್ಟು ಭಾರವಿರುವಂತೆ ನೋಡಿಕೊಳ್ಳಿ. ಕೆಲಸದವರು ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲೇ ಹೇಳಿ.

“ಬಿರುಕು ಬಂತೆಂದರೆ ಮನೆ ಕೆಟ್ಟಿತು”, “ಬಿರುಕೆಲ್ಲ ಮಾಮೂಲಿ”

ಎರಡನ್ನೂ ಸಮಾನ ಧೈರ್ಯದಿಂದ ಹೇಳುವವರಿದ್ದಾರೆ, ಎರಡೂ ತಪ್ಪು. ಪ್ಲಾಸ್ಟರಿಂಗ್ ಮೇಲೆ ಜೇಡರ ಬಲೆಯ ಹಾಗೆ ಹರಡಿದ ಕೂದಲೆಳೆ ಗೆರೆಗಳು ಒಣಗುವಾಗ ಬಂದವು, ಸರಿಯಾಗಿ ನೀರುಣಿಸಿ ಕ್ಯೂರಿಂಗ್ ಮಾಡದಿದ್ದರೆ ಹೆಚ್ಚು. ಗೋಡೆಯೂ ಬೀಮೂ ಕೂಡುವಲ್ಲಿ ಬರುವ ನೇರ ಗೆರೆ ಎರಡು ಬೇರೆ ವಸ್ತುಗಳು ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ ಕುಗ್ಗುವುದರ ಗುರುತು. ಅಲ್ಲಿ ಪ್ಲಾಸ್ಟರಿಂಗ್‌ಗೆ ಮೊದಲೇ ತಂತಿ ಜಾಲರಿ ಬಡಿಯಬೇಕಿತ್ತು. ಇವು ಕಣ್ಣಿಗೆ ಕೆಟ್ಟದಾಗಿ ಕಾಣುತ್ತವೆ, ಮನೆಗೆ ಅಪಾಯವಿಲ್ಲ.

ಎಂಜಿನಿಯರ್ ಕರೆಯಬೇಕಾದ್ದು ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆ ಸಾಲು ಹಿಡಿದು ಹೋಗುವ, ಗೋಡೆಯ ಎರಡೂ ಬದಿ ಕಾಣುವ, ದಿನೇ ದಿನೇ ಅಗಲವಾಗುವ ಬಿರುಕಿಗೆ. ಕಾಂಕ್ರೀಟ್ ಕಂಬದಲ್ಲೋ ಬೀಮಿನಲ್ಲೋ ಕಬ್ಬಿಣದ ಉದ್ದಕ್ಕೆ ಗೆರೆ ಬಿದ್ದು ತುಕ್ಕಿನ ಬಣ್ಣ ಒಸರಿದರೆ ಒಂದು ದಿನವೂ ತಡ ಬೇಡ. ಉಳಿದವನ್ನು ಅಳೆಯಿರಿ: ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲೇ ತಾರೀಖು ಬರೆಯಿರಿ, ಮೂರು ತಿಂಗಳು ಬಿಟ್ಟು ನೋಡಿ. ಗೆರೆ ದಾಟಿದ್ದರೆ ಬಿರುಕು ಜೀವಂತವಾಗಿದೆ. ಅಂಥದ್ದಕ್ಕೆ ಸಿಮೆಂಟು ತುಂಬಿ ಬಣ್ಣ ಹೊಡೆಸಿದರೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ.

ಧಾರವಾಡ, ಗದಗ, ವಿಜಯಪುರದ ಎರೆ ಭೂಮಿಯಲ್ಲಿ ಮನೆ ಮಾಡಿದವರಿಗೆ ಈ ಲೆಕ್ಕ ಬೇರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಗೋಡೆಯ ಬಿರುಕೂ ಅದರ ಜೊತೆ ತೆರೆದು ಮುಚ್ಚುತ್ತದೆ. ಅಲ್ಲಿ ಒಂದು ವರ್ಷ ಪೂರ್ತಿ ನೋಡಿದ ಮೇಲೇ ತೀರ್ಮಾನ. ಮದ್ದು ಇರುವುದು ಗೋಡೆಯಲ್ಲಲ್ಲ, ಪಾಯದ ಸುತ್ತ. ಮನೆಯ ಸುತ್ತ ಮೂರ್ನಾಲ್ಕು ಅಡಿ ಅಗಲದ ಹೊರಮುಖ ಇಳಿಜಾರಿನ ಕಾಂಕ್ರೀಟ್ ಪಟ್ಟಿ ಹಾಕಿಸಿ. ಬಚ್ಚಲ ನೀರು, ತಾರಸಿ ನೀರು ಪಾಯದ ಬುಡದಲ್ಲಿ ಇಂಗದಂತೆ ದೂರ ಸಾಗಿಸಿ. ಗೋಡೆಗೆ ಒತ್ತಿ ದೊಡ್ಡ ಮರ ನೆಡಬೇಡಿ.

“ಹಳೇ ಮಣ್ಣಿನ ಗೋಡೆಗೆ ಸಿಮೆಂಟ್ ಹೊಡೆದರೆ ಗಟ್ಟಿ”

ಮೈಸೂರಿನ, ಮಲೆನಾಡಿನ ಹಳೆಯ ಮನೆ ಕೊಂಡವರು ಮೊದಲು ಮಾಡಿಸುವ ಕೆಲಸವೇ ಇದು. ಮಣ್ಣು, ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ತನ್ನ ಮೈಯಿಂದಲೇ ಬಿಡುತ್ತಾ ಬಾಳಿಕೆ ಬಂದಿರುತ್ತದೆ. ಮೇಲೆ ಸಿಮೆಂಟ್ ಪದರ ಕೂತರೆ ಆ ದಾರಿ ಮುಚ್ಚುತ್ತದೆ, ಒಳಗೆ ಮಣ್ಣು ಮೆದುವಾಗುತ್ತದೆ, ಸಿಮೆಂಟು ಸಿಪ್ಪೆಯಾಗಿ ಕಳಚುವಾಗ ಗೋಡೆಯ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಸುಣ್ಣದ ಗಾರೆ ಗೊತ್ತಿರುವ ಕೆಲಸಗಾರರು ಕಡಿಮೆಯಾಗಿದ್ದಾರೆ, ಆದರೆ ಇದ್ದಾರೆ. ಹುಡುಕಿ.

“ಆಸಿಡ್ ಹಾಕಿದರೇ ಬಚ್ಚಲು ಶುದ್ಧ”

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಮನೆಮನೆಯಲ್ಲೂ ಆಸಿಡ್ ಬಾಟಲಿ ಇರುತ್ತದೆ. ಅದು ಕಲೆಯ ಜೊತೆಗೆ ಟೈಲುಗಳ ನಡುವಿನ ಸಿಮೆಂಟನ್ನೂ ತಿನ್ನುತ್ತದೆ. ಆ ಸಂದಿಯಿಂದ ನೀರಿಳಿದು ಕೆಳಗಿನ ಮನೆಯ ಸೂರು ನೆನೆಯುತ್ತದೆ. ನಲ್ಲಿಯ ಹೊಳಪೂ ಅಮೃತಶಿಲೆಯ ಹೊಳಪೂ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ: ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶ ಸುಡುತ್ತದೆ, ಜೀವಕ್ಕೇ ಕುತ್ತು. ಮನೆಕೆಲಸಕ್ಕೆ ಬರುವವರಿಗೂ ಈ ಮಾತನ್ನು ಖಂಡಿತ ಹೇಳಿ. ನಲ್ಲಿಯ ಕಲೆಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟು ಉಜ್ಜಿದರೆ ಸಾಕು.

“ತೇಗದ ಮರಕ್ಕೆ ಗೆದ್ದಲು ಹಿಡಿಯುವುದಿಲ್ಲ”

ತೇಗದ ಒಳಗಿನ ಕಂದು ತಿರುಳಿಗೆ ಗೆದ್ದಲು ತಡೆಯುವ ಶಕ್ತಿ ಇದೆ. ಸುತ್ತಲಿನ ಬಿಳಿ ಭಾಗವನ್ನು ಗೆದ್ದಲು ನಿರಾಯಾಸವಾಗಿ ತಿನ್ನುತ್ತದೆ. ಇಂದು ಚೌಕಟ್ಟುಗಳಲ್ಲಿ ಬಿಳಿ ಭಾಗ ಸೇರಿಯೇ ಬರುತ್ತದೆ. ಗೋಡೆಯ ಮೇಲಿನ ಮಣ್ಣಿನ ಸುರಂಗ ಕೆರೆದು ಸೀಮೆಎಣ್ಣೆ ಬಳಿದರೆ ಕಣ್ಣಿಗೆ ಕಂಡವು ಸಾಯುತ್ತವೆ, ನೆಲದಡಿಯ ಗೂಡು ಹಾಗೇ ಉಳಿಯುತ್ತದೆ. ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆಯ ಮಳೆಹುಳು ಗೆದ್ದಲೇ. ಅವು ಹೊರಗಿನಿಂದ ಬಂದರೆ ಚಿಂತೆಯಿಲ್ಲ. ಸ್ಕರ್ಟಿಂಗ್ ಸಂದಿಯಿಂದಲೋ ಚೌಕಟ್ಟಿನ ಬುಡದಿಂದಲೋ ಎದ್ದು ಬಂದರೆ ಗೂಡು ಮನೆಯಡಿಯಲ್ಲೇ ಇದೆ, ಮಣ್ಣಿಗೇ ಮದ್ದು ಹಾಕಿಸಬೇಕು.

“ಎಂ.ಸಿ.ಬಿ. ಇದೆಯಲ್ಲ, ಶಾಕ್ ಹೊಡೆಯುವುದಿಲ್ಲ”

ಕೊನೆಗಿಟ್ಟರೂ ಇದೇ ಎಲ್ಲಕ್ಕಿಂತ ಗಂಭೀರ. ಎಂ.ಸಿ.ಬಿ., ಅಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್, ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಗೀಸರ್ ಲೈನಿನ 16 ಆಂಪಿಯರ್ ಎಂ.ಸಿ.ಬಿ. ಬೀಳಬೇಕಾದರೆ 16 ಆಂಪಿಯರ್ ಮೀರಿ ಕರೆಂಟ್ ಹರಿಯಬೇಕು. ಎದೆಯ ಮೂಲಕ ಆಂಪಿಯರಿನ ಹತ್ತನೇ ಒಂದು ಭಾಗ ಹರಿದರೂ ಹೃದಯ ನಿಲ್ಲಬಹುದು. ಎಂ.ಸಿ.ಬಿ.ಗೆ ಅದು ಗೊತ್ತೇ ಆಗುವುದಿಲ್ಲ. ಅದನ್ನು ಹಿಡಿಯುವುದು ಆರ್.ಸಿ.ಸಿ.ಬಿ. ಹೋದ ಕರೆಂಟೂ ಮರಳಿದ ಕರೆಂಟೂ 30 ಮಿಲಿಆಂಪಿಯರ್‌ನಷ್ಟು ವ್ಯತ್ಯಾಸವಾದರೆ ಅದು ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನ್ ಕಡಿಯುತ್ತದೆ. ಅದಕ್ಕೆ ಜೊತೆಯಾಗಿ ಸರಿಯಾದ ಅರ್ತಿಂಗ್ ಇರಲೇಬೇಕು. ಇನ್ವರ್ಟರ್ ಹಾಕಿಸಿದ ಮೇಲೆ ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತದೆಂದು ಕೆಲವರು ಅದನ್ನು ಬೈಪಾಸ್ ಮಾಡಿಸುತ್ತಾರೆ. ಹಾಗೆ ಬೀಳುವುದಕ್ಕೆ ಕಾರಣ ಸಾಮಾನ್ಯವಾಗಿ ನ್ಯೂಟ್ರಲ್ ವೈರುಗಳ ಬೆರಕೆ ಅಥವಾ ಎಲ್ಲೋ ನಿಜವಾದ ಸೋರಿಕೆ. ಸರಿಪಡಿಸಬೇಕಾದ್ದು ಅದನ್ನು.

ಇವತ್ತು ಸಂಜೆಯೊಳಗೆ ಮನೆಯ ಡಿ.ಬಿ., ಅಂದರೆ ಎಂ.ಸಿ.ಬಿ.ಗಳಿರುವ ಪೆಟ್ಟಿಗೆಯ ಬಾಗಿಲು ತೆರೆದು ಆರ್.ಸಿ.ಸಿ.ಬಿ. ಇದೆಯೇ ನೋಡಿ. ಅದರ ಮೇಲೆ ‘ಟಿ’ ಅಥವಾ ‘ಟೆಸ್ಟ್’ ಎಂದಿರುವ ಪುಟ್ಟ ಗುಂಡಿ ಒತ್ತಿ. ತಕ್ಷಣ ಸ್ವಿಚ್ ಕೆಳಗೆ ಬೀಳಬೇಕು. ಬೀಳದಿದ್ದರೆ, ಅಥವಾ ಆ ಸಾಧನವೇ ಇಲ್ಲದಿದ್ದರೆ, ಗೋಡೆಯ ಬಣ್ಣ ಆಮೇಲೆ ನೋಡೋಣ, ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ.